ಕ್ರೇನಿಗೆ ಪರೀಕ್ಷೆಯಿದೆ, ಕ್ರೇನ್ ನಡೆಸುವವರಿಗೆ?



ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಶುರುವಾಯಿತು, 1936ರ ಹೊತ್ತಿಗೆ ಉಕ್ಕೂ ತಯಾರಾಗತೊಡಗಿತು. ಉಕ್ಕಿನ ಕಾರ್ಖಾನೆ ಇರುವಲ್ಲಿ ತಲೆಯ ಮೇಲೆ ಓಡಾಡುವ ಕ್ರೇನ್ ಇರಲೇಬೇಕು. ಶಾಪಿನ ಎರಡೂ ಬದಿಗೆ ಎತ್ತರದಲ್ಲಿ ಹಳಿ, ಹಳಿಗಳ ಮೇಲೆ ಅಡ್ಡಲಾಗಿ ಗರ್ಡರು, ಗರ್ಡರಿನ ಮೇಲೆ ಓಡುವ ಟ್ರಾಲಿ, ಅದರಿಂದ ಇಳಿಬಿದ್ದ ಹುಕ್ಕು: ಇದು ನಮ್ಮ ಕಾರ್ಮಿಕರು ಇ.ಓ.ಟಿ. ಎಂದು ಕರೆಯುವ ಕ್ರೇನ್. ಇದೇ ಗರ್ಡರು ನೆಲದ ಹಳಿಗಳ ಮೇಲೆ ತನ್ನದೇ ಕಾಲೂರಿ ನಿಂತರೆ ಗ್ಯಾಂಟ್ರಿ.

ಈ ಯಂತ್ರಗಳ ಸುರಕ್ಷತೆಯ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕಬ್ಬಿಣವನ್ನು ಪರೀಕ್ಷಿಸಬೇಕೆಂದು ನಮಗೆ ಬೇಗ ಹೊಳೆಯಿತು. ಅದನ್ನು ನಡೆಸುವವರಿಗೆ ಕಲಿಸಬೇಕೆಂದು ಹೊಳೆದದ್ದು ಬಹಳ ತಡವಾಗಿ.

1840ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ನೀರಿನ ಒತ್ತಡದಿಂದ ನಡೆಯುವ ಕ್ರೇನನ್ನು ಬಂದರಿನಲ್ಲಿ ನಿಲ್ಲಿಸಿದರು. ಶತಮಾನದ ಕೊನೆಗೆ ವಿದ್ಯುತ್ ಮೋಟಾರು ಬಂತು. ಎತ್ತುವುದಕ್ಕೊಂದು, ಟ್ರಾಲಿಗೊಂದು, ಉದ್ದಕ್ಕೆ ಓಡಿಸುವುದಕ್ಕೊಂದು ಮೋಟಾರು ಬಂದಮೇಲೆ ಹತ್ತಾರು ಆಳುಗಳ ರಟ್ಟೆಯ ಕೆಲಸ ಕ್ಯಾಬಿನ್ನಿನಲ್ಲಿ ಕೂತ ಒಬ್ಬನ ಕೈಗೆ ಬಂತು. ಅವನ ಒಂದು ತಪ್ಪಿಗೆ ಕೆಳಗಿದ್ದವರೆಲ್ಲ ಬೆಲೆ ತೆರಬೇಕಾದ ಸ್ಥಿತಿಯೂ ಜೊತೆಗೇ ಬಂತು.

ನಮ್ಮ ಕಾನೂನು ಇದನ್ನು ಹೇಗೆ ನೋಡಿತು? 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಇಡಿಯಾಗಿ ಎತ್ತುವ ಯಂತ್ರಗಳಿಗೇ ಮೀಸಲಾಗಿತ್ತು. ಯಂತ್ರ, ಸರಪಳಿ, ಹಗ್ಗ ಎಲ್ಲವನ್ನೂ 12 ತಿಂಗಳಿಗೊಮ್ಮೆಯಾದರೂ ತಜ್ಞರು ಕೂಲಂಕಷವಾಗಿ ಪರೀಕ್ಷಿಸಬೇಕಿತ್ತು. ಎಷ್ಟು ಭಾರ ಎತ್ತಬಹುದೆಂದು ಯಂತ್ರದ ಮೇಲೆ ಸ್ಪಷ್ಟವಾಗಿ ಬರೆದಿರಬೇಕಿತ್ತು, ಅದನ್ನು ಮೀರುವಂತಿರಲಿಲ್ಲ. ಕ್ರೇನ್ ಬಡಿಯಬಹುದಾದ ಜಾಗದಲ್ಲಿ, ಹಳಿಯ ಮೇಲೋ ಪಕ್ಕದಲ್ಲೋ, ಯಾರಾದರೂ ಕೆಲಸ ಮಾಡುತ್ತಿದ್ದರೆ ಅದು ಅವರಿಂದ 6 ಮೀಟರಿಗಿಂತ ಹತ್ತಿರ ಬರದಂತೆ ತಡೆಯಬೇಕಿತ್ತು.

ಇದೆಲ್ಲ ಒಳ್ಳೆಯದೇ. ಆದರೆ ನಡೆಸುವವರ ಬಗ್ಗೆ? ಹಲವು ರಾಜ್ಯಗಳ ನಿಯಮಗಳು ಹೇಳಿದ್ದು ಇಷ್ಟು: 18 ವರ್ಷ ತುಂಬಿರಬೇಕು, ಸಾಕಷ್ಟು ಸಮರ್ಥರೂ ನಂಬಿಗಸ್ತರೂ ಆಗಿರಬೇಕು. ಆ ಸಾಮರ್ಥ್ಯವನ್ನು ಅಳೆಯುವವರು ಯಾರು, ಹೇಗೆ ಎಂಬುದು ಬಹುಮಟ್ಟಿಗೆ ಮಾಲೀಕರ ವಿವೇಚನೆಗೇ ಉಳಿಯಿತು. ಬಾಯ್ಲರ್ ನೋಡಿಕೊಳ್ಳುವವರಿಗೆ ಸರ್ಟಿಫಿಕೇಟು ಬೇಕು. ಗಣಿಯಲ್ಲಿ ಜನರನ್ನು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ ಚಾಲಕರಿಗೂ ಬೇಕು. ಕುದಿಯುವ ಉಕ್ಕನ್ನು ಜನರ ನಡುವೆ ಸಾಗಿಸುವವರು ಮಾತ್ರ ಹಿರಿಯ ಆಪರೇಟರ ಪಕ್ಕದಲ್ಲಿ ನಿಂತು ನೋಡಿ ಕಲಿತರು. ಹಿರಿಯರ ಜಾಣ್ಮೆಯ ಜೊತೆಗೆ ಅವರ ದುರಭ್ಯಾಸಗಳನ್ನೂ ಕಲಿತರು.

1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ಮೇಲೆ ಗಾಳಿ ಬದಲಾಗತೊಡಗಿತು. ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಸುರಕ್ಷತೆಯ ತರಬೇತಿ ಪಡೆಯುವುದು ಕಾರ್ಮಿಕರ ಹಕ್ಕು ಎಂದು ಕಾಯ್ದೆಯೇ ಹೇಳಿತು. ಅಮೆರಿಕದಲ್ಲಿ 1970ರ ದಶಕದಿಂದಲೇ ಓವರ್‌ಹೆಡ್ ಮತ್ತು ಗ್ಯಾಂಟ್ರಿ ಕ್ರೇನುಗಳಿಗೆ ಪ್ರತ್ಯೇಕ ನಿಯಮವಿದೆ. ಅದರ ಪ್ರಕಾರ ಶಿಫ್ಟಿನ ಆರಂಭದಲ್ಲಿ ಖಾಲಿ ಹುಕ್ಕನ್ನು ಮೇಲೆತ್ತಿ, ಲಿಮಿಟ್ ಸ್ವಿಚ್ ಅದನ್ನು ನಿಲ್ಲಿಸುತ್ತದೆಯೇ ಎಂದು ನೋಡಬೇಕು. ಕ್ರೇನಿನ ಪೂರ್ತಿ ಶಕ್ತಿಗೆ ಹತ್ತಿರದ ಭಾರವಾದರೆ, ನೆಲದಿಂದ ಕೆಲವೇ ಅಂಗುಲ ಎತ್ತಿ ಬ್ರೇಕು ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಇವೆರಡನ್ನೂ ಮಾಡುವವರು ವರ್ಷಕ್ಕೊಮ್ಮೆ ಬರುವ ತಜ್ಞರಲ್ಲ, ದಿನವೂ ಕ್ರೇನ್ ನಡೆಸುವ ಆಪರೇಟರು.

ಬ್ರಿಟನ್ 1998ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರತಿಯೊಂದು ಎತ್ತುವ ಕೆಲಸವನ್ನೂ ಬಲ್ಲವರು ಮೊದಲೇ ಯೋಜಿಸಬೇಕು, ಅದರ ಮೇಲುಸ್ತುವಾರಿ ಇರಬೇಕು ಎಂದಿತು. ಇದು ಏಕೆ ಬೇಕು ಎಂಬುದನ್ನು 2007ರ ಏಪ್ರಿಲ್ 18ರಂದು ಚೀನಾದ ಲಿಯಾವೊನಿಂಗ್ ಪ್ರಾಂತದ ಉಕ್ಕಿನ ಕಾರ್ಖಾನೆಯೊಂದು ಘೋರವಾಗಿ ತೋರಿಸಿತು. ಸುಮಾರು 30 ಟನ್ ಕರಗಿದ ಉಕ್ಕಿದ್ದ ಲೇಡಲ್ ಎಂಬ ಪಾತ್ರೆ ಕ್ರೇನಿನಿಂದ ಕಳಚಿಬಿತ್ತು. ಶಿಫ್ಟ್ ಬದಲಾಗುವ ಹೊತ್ತು. ಪಕ್ಕದ ಕೋಣೆಯಲ್ಲಿ ಸಭೆ ಸೇರಿದ್ದ ಕಾರ್ಮಿಕರ ಮೇಲೆ ಉಕ್ಕು ಹರಿದು 32 ಜನ ಸತ್ತರು. ಕರಗಿದ ಲೋಹಕ್ಕೆಂದೇ ತಯಾರಾದ ಕ್ರೇನಿನ ಬದಲು ಸಾಮಾನ್ಯ ಕ್ರೇನನ್ನು ಬಳಸಿದ್ದರೆಂದು ತನಿಖೆ ಹೇಳಿತು. ಯಂತ್ರದ ಆಯ್ಕೆ ತಪ್ಪಾಗಿತ್ತು, ಲೇಡಲ್ ಸಾಗುವ ದಾರಿಯ ಪಕ್ಕದಲ್ಲೇ ಜನರನ್ನು ಸೇರಿಸಿದ್ದೂ ತಪ್ಪಾಗಿತ್ತು. ಕ್ಯಾಬಿನ್ನಿನಲ್ಲಿ ಕೂತವರೊಬ್ಬರಿಗೇ ತರಬೇತಿ ಕೊಟ್ಟರೆ ಇಂಥ ತಪ್ಪುಗಳು ನಿಲ್ಲುವುದಿಲ್ಲ.

ಅದಕ್ಕೇ ಕೆಳಗೆ ನಿಂತು ಸ್ಲಿಂಗು ಕಟ್ಟುವ ಖಲಾಸಿಗೂ, ಕೈಸನ್ನೆ ಮಾಡುವ ಸಿಗ್ನಲ್‌ಮ್ಯಾನ್‌ಗೂ ಪಾಠ ಬೇಕು. ತುಂಬಿದ ಕೊಡವನ್ನು ಇಬ್ಬರು ಹಿಡಿದು ನಡೆಯುವಾಗ ಒಬ್ಬರಿಂದೊಬ್ಬರು ದೂರ ಸರಿದಷ್ಟೂ ಕೈ ಸೋಲುತ್ತದಲ್ಲ, ಸ್ಲಿಂಗಿನ ಲೆಕ್ಕವೂ ಅದೇ. 2 ಟನ್ ಭಾರವನ್ನು ಎರಡು ಸ್ಲಿಂಗುಗಳು ನೇರವಾಗಿ ಹೊತ್ತರೆ ಒಂದೊಂದಕ್ಕೆ 1 ಟನ್. ನೆಲಕ್ಕೆ 60 ಡಿಗ್ರಿ ಓರೆಯಾದರೆ ಸುಮಾರು 1.15 ಟನ್. 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ ಪೂರ್ತಿ 2 ಟನ್ ಎಳೆತ. ಭಾರ ಬದಲಾಗಿಲ್ಲ, ಕಟ್ಟಿದ ರೀತಿ ಬದಲಾಗಿದೆ. ಇದು ಕಣ್ಣಂದಾಜಿಗೆ ಸಿಗುವಂಥದ್ದಲ್ಲ, ಯಾರಾದರೂ ಕೂರಿಸಿ ಹೇಳಿಕೊಡಬೇಕು. ನಿಲ್ಲಿಸು ಎಂಬ ಸನ್ನೆಯನ್ನು ಯಾರು ಮಾಡಿದರೂ, ಕಸ ಗುಡಿಸುವವರು ಮಾಡಿದರೂ, ಕ್ರೇನ್ ತಕ್ಷಣ ನಿಲ್ಲಬೇಕು ಎಂಬುದನ್ನೂ ಅಲ್ಲಿಯೇ ಕಲಿಸಬೇಕು.

ಈ ಖಲಾಸಿಗಳಲ್ಲಿ ಇಂದು ಎಷ್ಟೋ ಮಂದಿ ಗುತ್ತಿಗೆಯವರು. ಗುತ್ತಿಗೆದಾರ ಬದಲಾದಂತೆ ಕೈಗಳೂ ಬದಲಾಗುತ್ತವೆ, ತರಬೇತಿ ಯಾರ ಹೊಣೆಯೂ ಅಲ್ಲದೆ ಉಳಿಯುತ್ತದೆ. ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆಂದು 2020ರಲ್ಲಿ ರೂಪಿಸಿದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ 2025ರಲ್ಲಿ ಜಾರಿಗೆ ಬಂದಿದೆ. ಅದರಡಿಯ ನಿಯಮಗಳಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕೆಂದು ನಾನು ಕೇಳುತ್ತೇನೆ. ಬಾಯ್ಲರಿನವರಿಗೆ ಇರುವಂತೆ ಕ್ರೇನ್ ಆಪರೇಟರಿಗೂ ಪರೀಕ್ಷೆ, ಸರ್ಟಿಫಿಕೇಟು. ಗುತ್ತಿಗೆಯವರೂ ಸೇರಿದಂತೆ ಖಲಾಸಿ, ಸಿಗ್ನಲ್‌ಮ್ಯಾನ್‌ಗಳಿಗೆ ಅವರವರ ಭಾಷೆಯಲ್ಲಿ ತರಬೇತಿ. ಆ ತರಬೇತಿಯ ಹೊತ್ತಿಗೂ ಪೂರ್ತಿ ಕೂಲಿ. ಹುಕ್ಕಿನ ಬಿರುಕು ಹುಡುಕಲು ಖರ್ಚು ಮಾಡುವ ಕಾರ್ಖಾನೆಗೆ, ಹುಕ್ಕಿನ ಕೆಳಗೆ ದುಡಿಯುವವರಿಗೆ ಕಲಿಸುವ ಖರ್ಚು ಹೆಚ್ಚಾಗಲಾರದು. ನಿಮ್ಮ ಕಾರ್ಖಾನೆಯ ಸುರಕ್ಷತಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಮೂರನ್ನೂ ಕೇಳಿ.