ತಾಯಿ ಹಾಲು ತೆಗೆಯುವ ಕರೆಂಟಿನ ಪಂಪು

ಸೋದರಿಯರೆ, ಕನಕಪುರ ರಸ್ತೆಯ ಹಳ್ಳಿಗಳಿಂದ ಬನಶಂಕರಿ, ಜಯನಗರಕ್ಕೆ ದುಡಿಯಲು ಹೋಗುವ ಎಳೆ ಮಕ್ಕಳ ತಾಯಂದಿರಿದ್ದಾರೆ. ಹಗಲೆಲ್ಲ ಹಾಲು ತೆಗೆಯದಿದ್ದರೆ ಎದೆ ಕಟ್ಟುತ್ತದೆ, ಬರಬರುತ್ತಾ ಹಾಲೇ ಕಡಿಮೆಯಾಗುತ್ತದೆ. ಇದಕ್ಕೆ ಕರೆಂಟಿನ ಪಂಪು ಕೊಳ್ಳಬಹುದೆ?

ಹಸು ಕರೆಯುವ ಯಂತ್ರದಂತೆ ಇದೂ ಎಳೆದು, ಬಿಟ್ಟು, ಎಳೆದು ಕೆಲಸ ಮಾಡುತ್ತದೆ. ಈ ಹೋಲಿಕೆಗೆ ಅಜ್ಜಿಯರು ಸಿಟ್ಟಾಗಬೇಡಿ! ಜೋರಾಗಿ ಎಳೆದರೆ ಹೆಚ್ಚು ಹಾಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೋವಾದರೆ ಹಸು ಹಾಲು ಏರಿಸಿಕೊಳ್ಳುವುದಿಲ್ಲವೆ? ತಾಯಿಗೂ ಅಷ್ಟೆ. ಬೆಲೆಗಿಂತ ಮೊದಲು ಎದೆಗೆ ಹಿಡಿಯುವ ಲಾಳಿಕೆಯ ಅಳತೆ ನೋಡಿ, ತೊಟ್ಟು ಉಜ್ಜಬಾರದು. ಹಾಲು ತಾಕುವ ಭಾಗಗಳನ್ನು ಪ್ರತಿಸಲವೂ ಸೋಪುನೀರಿನಲ್ಲಿ ತೊಳೆದು ಒಣಗಿಸಬೇಕು.

ತೆಗೆದ ಹಾಲು ತಂಪು ಜಾಗದಲ್ಲಿ 4 ಗಂಟೆ (ಬಿರುಬೇಸಿಗೆಯಲ್ಲಿ ಅಷ್ಟೂ ಇಲ್ಲ), ಫ್ರಿಜ್ಜಿನಲ್ಲಿ 4 ದಿನ ತಾಳುತ್ತದೆ. ಬಸ್ಸಿನಲ್ಲಿ ತರುವಾಗ ಐಸಿಟ್ಟ ಡಬ್ಬಿ ಬೇಕು. ದಿನಕ್ಕೊಮ್ಮೆ ತೆಗೆದರೆ ಸಾಕೆನ್ನುವವರು ಕೈಯಿಂದಲೇ ಹಿಂಡಬಹುದು. ಆಸ್ಪತ್ರೆಯ ನರ್ಸಮ್ಮನನ್ನು ಕೇಳಿ ಕಲಿತುಕೊಳ್ಳಿ. ಆಮೇಲೂ ಬೇಕೆನಿಸಿದರೆ ಪಂಪು ಕೊಳ್ಳಿ.