ಟೀಚರ್ ಹೇಗೆ ಕಲಿಸಿದರು

ಈ ಉಪನ್ಯಾಸ ಮಾಲೆಯಲ್ಲಿ ಇಲ್ಲಿಯವರೆಗೆ ನೀವು ಕೇಳಿದ್ದು ಹೆಸರಾದ ಸಾಹಿತಿಗಳ, ಹೋರಾಟಗಾರರ ಬದುಕಿನ ಕಥೆ. ನಾನು ಮಾತಾಡಬೇಕೆಂದಿರುವುದು ಭದ್ರಾವತಿಯ ಒಂದು ಪ್ರಾಥಮಿಕ ಶಾಲೆಯಲ್ಲಿ, ಆಮೇಲೆ ಶಿವಮೊಗ್ಗದ ಒಂದು ಶಾಲೆಯಲ್ಲಿ ಕನ್ನಡ ಕಲಿಸಿ, ಕಳೆದ ವರ್ಷ ತೀರಿಕೊಂಡ ಒಬ್ಬ ಟೀಚರ್ ಬಗ್ಗೆ. ಅವರ ಹೆಸರನ್ನು ವೇದಿಕೆಯಲ್ಲಿ ಹೇಳುವುದು ಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ. ನಾವು ಓದುವಾಗಲೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಹಾಗಾಗಿ ಇವತ್ತೂ ಅವರು ಟೀಚರ್ ಮಾತ್ರ.

ಅವರು ಹೋದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ನುಡಿನಮನ ಇಟ್ಟುಕೊಂಡಿದ್ದೆವು. ಮಾತಾಡಿದವರೆಲ್ಲ ಹೇಳಿದ್ದು ಒಂದೇ: ಅವರು ನಮಗೆ ತಾಯಿಯ ಹಾಗಿದ್ದರು. ಆದರ್ಶ ಪತ್ನಿ, ವಾತ್ಸಲ್ಯಮಯಿ ತಾಯಿ, ನೆಚ್ಚಿನ ಶಿಕ್ಷಕಿ ಅಂತ ಬ್ಯಾನರಿನಲ್ಲೂ ಬರೆಸಿದ್ದೆವು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಷ್ಟು ಜನ ಅಷ್ಟು ಹೊತ್ತು ಮಾತಾಡಿದರೂ ಅವರು ಹೇಗೆ ಪಾಠ ಮಾಡುತ್ತಿದ್ದರು ಅಂತ ಒಬ್ಬರೂ ಹೇಳಲಿಲ್ಲ. ಗಂಡಸು ಮೇಷ್ಟರು ತೀರಿಕೊಂಡರೆ ಅವರ ವಿದ್ವತ್ತು, ಶಿಸ್ತು, ಗಣಿತ ಬಿಡಿಸುವ ಚಾಕಚಕ್ಯತೆಯನ್ನೆಲ್ಲ ನೆನೆಯುತ್ತೇವೆ. ಹೆಂಗಸಾದರೆ ಮಮತೆ ಅಂದು ಮುಗಿಸಿಬಿಡುತ್ತೇವೆ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಅದನ್ನು ಹೇಳಲಿಕ್ಕೇ ಬಂದಿದ್ದೇನೆ.

ಟೀಚರ್ ಕೆಲಸ ಅರ್ಥವಾಗಬೇಕಾದರೆ ಊರು ಅರ್ಥವಾಗಬೇಕು. ಭದ್ರಾವತಿ ಕಾರ್ಖಾನೆಯಿಂದ ಬೆಳೆದ ಊರು. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ಶುರು ಮಾಡಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ ಸೇರಿ ಅದು ನಿಂತಿತು. 1936ರಲ್ಲಿ ಕಾಗದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಉರ್ದು ಮಾತಾಡುವ ಮನೆಗಳಿದ್ದವು, ಸುತ್ತಲಿನ ತಾಂಡಾಗಳ ಲಂಬಾಣಿ ಮಕ್ಕಳಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಕೂತಿದ್ದ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವವರೆಷ್ಟೋ, ಬೇರೆ ಭಾಷೆ ಆಡುವವರೂ ಹೆಚ್ಚುಕಡಿಮೆ ಅಷ್ಟೇ. ಇವರೆಲ್ಲರಿಗೂ ಪಠ್ಯಪುಸ್ತಕ ಒಂದೇ, ಟೀಚರೂ ಒಬ್ಬರೇ.

ಉಕ್ತಲೇಖನದ ದಿನ ನಮ್ಮ ನಿಜ ಬಣ್ಣ ಬಯಲಾಗುತ್ತಿತ್ತು. ತಮಿಳು ಮನೆಯ ಹುಡುಗರು ‘ಬಾಳೆ’ ಅಂದರೆ ‘ಪಾಳೆ’ ಬರೆಯುತ್ತಿದ್ದರು, ‘ಗಾಳಿ’ ಅವರ ಸ್ಲೇಟಿನಲ್ಲಿ ‘ಕಾಳಿ’ಯಾಗುತ್ತಿತ್ತು. ಉರ್ದು ಮನೆಯ ಹುಡುಗರು ‘ನಮ್ಮ ಹಳ್ಳಿ’ ಅನ್ನಲು ಹೋಗಿ ‘ನಮ್ಮ ಹಲ್ಲಿ’ ಅನ್ನುತ್ತಿದ್ದರು. ನಾವು ಕನ್ನಡದ ಮನೆಯವರು ಬಿದ್ದು ಬಿದ್ದು ನಗುತ್ತಿದ್ದೆವು. ಆ ನಗೆಯನ್ನು ಟೀಚರ್ ಒಂದು ದಿನ ನಿಲ್ಲಿಸಿದರು. ಬೈಯಲಿಲ್ಲ. ನಮ್ಮ ಊರಿನ ಹೆಸರು ಬರೆಯಿರಿ ಅಂದರು ಅಷ್ಟೇ. ನಗುತ್ತಿದ್ದವರಲ್ಲಿ ಬಹುಪಾಲು ಮಂದಿ ಬರೆದದ್ದು ‘ಬದ್ರಾವತಿ’. ನಮ್ಮ ನಾಲಿಗೆಗೆ ಮಹಾಪ್ರಾಣವೇ ಇರಲಿಲ್ಲ. ಧನವೂ ದನ, ಭಾರವೂ ಬಾರ.

ಆಗ ಅವರು ಹಿಂದಿನ ಸಾಲಿನಲ್ಲಿದ್ದ ಒಬ್ಬ ಉರ್ದು ಮನೆಯ ಹುಡುಗನನ್ನು ಕರಿಹಲಗೆಯ ಹತ್ತಿರ ಕರೆದರು. ಹಳೆಯ ನೋಟುಪುಸ್ತಕದಿಂದ ಬೆರಳಗಲದ ಕಾಗದದ ಪಟ್ಟಿ ಹರಿದು ಅವನ ತುಟಿಯ ಮುಂದೆ ಹಿಡಿದು, “ಬ ಅನ್ನು” ಅಂದರು. ಕಾಗದ ಅಲುಗಲಿಲ್ಲ. “ಈಗ ಭ ಅನ್ನು.” ಕಾಗದ ಹಾರಿತು. ಅವನ ಮನೆಯ ಮಾತಿನಲ್ಲಿ ಆ ಉಸಿರು ಹುಟ್ಟಿನಿಂದಲೇ ಇತ್ತು. ನಮಗೆಲ್ಲ ಒಂದೊಂದು ಪಟ್ಟಿ ಕೊಟ್ಟು, ಕಾಗದ ಹಾರುವ ತನಕ ಅವನೇ ಹೇಳಿಕೊಡಬೇಕು ಅಂದರು. ಇಡೀ ಕ್ಲಾಸು ‘ಭದ್ರಾವತಿ’ ಅನ್ನುವುದನ್ನು ಅವನಿಂದ ಕಲಿತಿತು.

ಮರುದಿನ ‘ಳ’ಕಾರ. ಅದಕ್ಕೆ ಮುಂದೆ ಬಂದವಳು ತಮಿಳು ಮನೆಯ ಹುಡುಗಿ. ನಾಲಿಗೆಯ ತುದಿಯನ್ನು ಎಲ್ಲಿಗೆ ಮಡಿಸಬೇಕು ಅಂತ ಬಾಯಿ ತೆರೆದು ತೋರಿಸಿದಳು. ಅವಳಿಗೇ ಬಾರದ ‘ಬ’ಕಾರಕ್ಕೆ ಟೀಚರ್ ಬೇರೆ ಉಪಾಯ ಮಾಡಿದರು. ತುಟಿ ಮುಚ್ಚಿಕೋ, ಗಂಟಲ ಮೇಲೆ ಕೈ ಇಟ್ಟುಕೋ, ತುಟಿ ಮುಚ್ಚಿರುವಾಗಲೇ ಒಳಗಿನಿಂದ ಸದ್ದು ಹೊರಡಿಸು, ಕೈಗೆ ನಡುಕ ತಿಳಿದ ಮೇಲೆ ತುಟಿ ಬಿಡು. ಅವಳು ಹಾಗೆ ಮಾಡಿದಳು, ‘ಬಾಳೆ’ ಬಂತು.

ಇದನ್ನು ಬರೀ ಮಮತೆ ಅಂದರೆ ಸಾಲದು. ಯಾವ ಮಗುವಿನ ನಾಲಿಗೆ ಎಲ್ಲಿ ತಡವರಿಸುತ್ತದೆ, ಯಾಕೆ ತಡವರಿಸುತ್ತದೆ ಅಂತ ಕೂತು ಯೋಚಿಸಿದವರಿಗೆ ಮಾತ್ರ ಇದು ಹೊಳೆಯುತ್ತದೆ. ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಧ್ವನಿವಿಜ್ಞಾನ ಅನ್ನುತ್ತಾರೆ. ಟೀಚರ್ ಪೀರಿಯಡ್ಡಿನಲ್ಲಿ ಅದು ಎರಡನೇ ಗಂಟೆಯ ಕನ್ನಡ. ಅವರು ತೀರಿಕೊಂಡ ಮೇಲೆ ಮಗಳು ನನಗೊಂದು ನೋಟುಪುಸ್ತಕ ತೋರಿಸಿದರು. ಇಲಾಖೆಯವರಿಗೆ ತೋರಿಸಬೇಕಾದ ಪಾಠ ಟಿಪ್ಪಣಿ ಅಲ್ಲ, ತಮಗಾಗಿ ಇಟ್ಟುಕೊಂಡದ್ದು. ಎಡಗಡೆ ಮಕ್ಕಳು ಬರೆದ ತಪ್ಪು, ಬಲಗಡೆ ಆ ಮಗುವಿನ ಮನೆಮಾತು, ಕೆಳಗೆ ಮಾಡಿ ನೋಡಿದ ಉಪಾಯ. ಕೆಲವು ಉಪಾಯಗಳ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ‘ಆಗಲಿಲ್ಲ’ ಅಂತ ಸಣ್ಣ ಅಕ್ಷರ. ಅವರು ಸೋತದ್ದನ್ನೂ ಬರೆದಿಟ್ಟಿದ್ದಾರೆ, ಮುಂದಿನ ವರ್ಷದ ಮಕ್ಕಳಿಗಾಗಿ.

ಈಗ ಮನೆಯ ಮಾತು. ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಶಿಫ್ಟಿನ ಮನೆ ಅಂದರೆ ಭದ್ರಾವತಿಯವರಿಗೆ ನಾನು ವಿವರಿಸಬೇಕಿಲ್ಲ. ಇವತ್ತು ಬೆಳಿಗ್ಗೆ ತಿಂಡಿಗೆ ಮೊದಲೇ ಹೊರಟವರು ಮುಂದಿನ ವಾರ ರಾತ್ರಿ ಊಟ ಮುಗಿಸಿ ಹೊರಡುತ್ತಾರೆ. ಗಂಡಹೆಂಡತಿ ಒಂದೇ ಕ್ವಾರ್ಟರ್ಸಿನಲ್ಲಿದ್ದೂ ಎಷ್ಟೋ ವಾರ ಮುಖ ನೋಡಿ ಮಾತಾಡಲು ಆಗುತ್ತಿರಲಿಲ್ಲವಂತೆ. ಬಾಗಿಲ ಹಿಂದಿನ ಮೊಳೆಗೆ ಒಂದು ಸ್ಲೇಟು ತೂಗುಹಾಕಿದ್ದರು. ‘ಸಾರು ಬಿಸಿ ಮಾಡಿಕೊಳ್ಳಿ’, ‘ಚಿಕ್ಕವನಿಗೆ ಜ್ವರ ಇಳಿದಿದೆ’, ‘ನಾಳೆ ಸೀಮೆಎಣ್ಣೆ ಕೊಡುತ್ತಾರೆ’. ಕೆಳಗೆ ಅವರ ಉತ್ತರ. ಎಷ್ಟೋ ವರ್ಷದ ಸಂಸಾರ ಆ ಸ್ಲೇಟಿನ ಮೇಲೆ ನಡೆಯಿತು. ಯಂತ್ರಗಳ ಸದ್ದಿಗೆ ಯಜಮಾನರ ಕಿವಿ ಮಂದವಾದ ಮೇಲೆ ಟೀಚರ್ ಮನೆಯಲ್ಲಿ ಗಟ್ಟಿಯಾಗಿ ಮಾತಾಡಬೇಕಾಯಿತು. ತರಗತಿಯಲ್ಲಿ ಅವರ ದನಿ ಯಾವಾಗಲೂ ತಗ್ಗಿಯೇ ಇರುತ್ತಿತ್ತು, ಕೇಳಿಸಿಕೊಳ್ಳಲಿಕ್ಕಾಗಿ ನಾವು ಸುಮ್ಮನಿರುತ್ತಿದ್ದೆವು. ಅದು ಶಿಸ್ತಿನ ತಂತ್ರ ಅಂತ ನಾವು ತಿಳಿದಿದ್ದೆವು. ಗಂಟಲನ್ನು ಮನೆಗೂ ಉಳಿಸಿಕೊಳ್ಳಬೇಕಿತ್ತು ಅಂತ ಮಗಳು ಹೇಳಿದ ಮೇಲೆ ತಿಳಿಯಿತು.

ಆ ಮಗಳೇ ಇನ್ನೊಂದು ಮಾತು ಹೇಳಿದರು. “ಊರಿನ ಮಕ್ಕಳಿಗೆಲ್ಲ ಅಮ್ಮ ಓದಿಸಿದರು. ನಮಗೆ ಮಗ್ಗಿ ಹೇಳಿಕೊಟ್ಟದ್ದು ಅಪ್ಪ. ಸಂಜೆ ಅಮ್ಮನಿಗೆ ಮಾತಾಡುವ ಶಕ್ತಿ ಇರುತ್ತಿರಲಿಲ್ಲ.” ದೂರಿನ ದನಿಯಲ್ಲಿ ಹೇಳಲಿಲ್ಲ, ಆದರೂ ಅದು ದೂರೇ. ಅದನ್ನು ಈ ಸಭೆ ಕೇಳಿಸಿಕೊಳ್ಳಬೇಕು. ನಾವು ಅವರನ್ನು ತಾಯಿ ಅಂದಷ್ಟು ಸುಲಭವಾಗಿ ಅವರ ಮಕ್ಕಳು ಅನ್ನಲಾರರು, ಯಾಕೆಂದರೆ ಅವರ ಪಾಲಿನದನ್ನು ನಾವು ಹಂಚಿಕೊಂಡಿದ್ದೇವೆ. ಅದರ ಮೇಲೆ ಜನಗಣತಿ, ಚುನಾವಣೆ ಡ್ಯೂಟಿ ಅಂತ ಸರ್ಕಾರವೂ ಕೈ ಹಾಕಿದೆ.

ಮುಂದೆ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಮನೆ ಭದ್ರಾವತಿಯಲ್ಲೇ, ಶಾಲೆ ಶಿವಮೊಗ್ಗದಲ್ಲಿ. ದಿನಾ ಬಿ.ಎಚ್. ರಸ್ತೆಯ ಬಸ್ಸು. ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ ದಾಟುವಷ್ಟರಲ್ಲಿ ತೊಡೆಯ ಮೇಲಿನ ಕಾಪಿಗಳನ್ನು ಓದಿ ಮುಗಿಸುತ್ತಿದ್ದರು. ಕುಲುಕಾಟದಲ್ಲಿ ಕೆಂಪು ಪೆನ್ನು ಹಿಡಿಯಲಾಗದು, ಹಾಗಾಗಿ ತಪ್ಪಿದ್ದ ಹಾಳೆಯ ಮೂಲೆ ಮಡಿಸಿಟ್ಟು, ಇಳಿದ ಮೇಲೆ ಸ್ಟಾಫ್ ರೂಮಿನಲ್ಲಿ ತಿದ್ದುತ್ತಿದ್ದರು.

ಕಲಿಸುವ ಕೆಲಸವನ್ನು ಬಿಟ್ಟು ಉಳಿದದ್ದನ್ನೆಲ್ಲ ನೆನೆಯುವ ಈ ತಪ್ಪನ್ನು ಸಾವಿತ್ರಿಬಾಯಿ ಫುಲೆಯವರ ವಿಚಾರದಲ್ಲೂ ನಾವು ಮಾಡಿದ್ದೇವೆ. 1848ರಲ್ಲಿ ಪುಣೆಯ ಶಾಲೆಗೆ ಹೋಗುವಾಗ ಅವರ ಮೇಲೆ ಸಗಣಿ ಎರಚಿದ್ದು, ಅವರು ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದದ್ದು ಎಲ್ಲರ ಭಾಷಣದಲ್ಲೂ ಬರುತ್ತದೆ. ಜೋತಿಬಾ ಅವರ ಸಂಗಾತಿ, ದತ್ತು ಮಗ ಯಶವಂತನ ತಾಯಿ, 1897ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ಪ್ಲೇಗಿಗೆ ಬಲಿಯಾದರು, ಇದೂ ಬರುತ್ತದೆ. ಆದರೆ ಅವರು ಶಿಕ್ಷಕಿಯ ಕೆಲಸಕ್ಕೆಂದೇ ತರಬೇತಿ ಪಡೆದವರು, ಅಹ್ಮದ್‌ನಗರದಲ್ಲಿ ಸಿಂಥಿಯಾ ಫರಾರ್ ಅವರ ಹತ್ತಿರ ಕಲಿತವರು ಅನ್ನುವುದನ್ನು ಎಷ್ಟು ಜನ ಹೇಳುತ್ತೇವೆ? ಅವರು ಪಟ್ಟ ಕಷ್ಟ ನಮಗೆ ನೆನಪಿದೆ, ಕಲಿತ ವಿದ್ಯೆ ಮರೆತಿದೆ.

ಇಂಥ ಮರೆವಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಮದ್ದಿದೆ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರು ಮಕ್ಕಳು ಆಡುವ ವಯಸ್ಸಿನಲ್ಲಿ ಮದುವೆಯಾದವರು, ಸಂಸಾರ ಮಾಡಿಕೊಂಡು ನಡುವಯಸ್ಸು ದಾಟುವಾಗ ಕಾದಂಬರಿ ಬರೆಯಲು ಕೂತವರು. 1976ರ ‘ಫಣಿಯಮ್ಮ’ ಅವರ ಕುಟುಂಬದಲ್ಲೇ ಬಾಳಿದ ಒಬ್ಬ ಬಾಲವಿಧವೆಯ ಕಥೆ. ಫಣಿಯಮ್ಮ ಇಂದಿರಾ ಅವರ ತಾಯಿಗೆ ಹೇಳಿದರು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು. ಬರೆಯದೇ ಹೋಗಿದ್ದರೆ ಆ ಅಜ್ಜಿ ಏನು ಮಾಡುತ್ತಿದ್ದರು, ಹೇಗೆ ಬದುಕಿದರು ಅನ್ನುವುದು ಆ ಮನೆಯಾಚೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮತ್ತೆ ಭದ್ರಾವತಿಗೆ ಬರೋಣ. ಇವತ್ತು ಅಲ್ಲಿನ ಕಾಗದ ಕಾರ್ಖಾನೆ ನಿಂತುಹೋಗಿದೆ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚುತ್ತೇವೆ ಅಂದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಯ ಚರಿತ್ರೆ ಬರೆಯುವವರು ಇದ್ದಾರೆ, ಬರೆಯಲಿ. ಆದರೆ ಐದಾರು ಭಾಷೆಯ ಮಕ್ಕಳನ್ನು ಒಂದು ಬೆಂಚಿನಲ್ಲಿ ಕೂರಿಸಿ ಕನ್ನಡ ಕಲಿಸಿದ ಹೆಂಗಸರ ಚರಿತ್ರೆ ಯಾವ ಕಡತದಲ್ಲೂ ಇಲ್ಲ. ಅದು ನಮ್ಮ ನಾಲಿಗೆಯ ಮೇಲಿದೆ, ಕೆಲವು ಮನೆಗಳ ಅಟ್ಟದ ಮೇಲಿದೆ.

ಹಾಗಾಗಿ ಈ ಮಾಲೆ ನಡೆಸುವ ಸಂಘದವರಲ್ಲಿ, ನಿಮ್ಮಲ್ಲಿ ಒಂದು ಕೋರಿಕೆ. ನಿಮಗೆ ಕಲಿಸಿದ ಟೀಚರ್ ಬಗ್ಗೆ ಎರಡು ಪುಟ ಬರೆಯಿರಿ. ಅವರು ಎಷ್ಟು ಒಳ್ಳೆಯವರು ಅಂತ ಬರೆಯಬೇಡಿ, ಅದು ನಮಗೆ ಗೊತ್ತು. ಯಾವ ಪಾಠವನ್ನು ಹೇಗೆ ಹೇಳಿಕೊಟ್ಟರು, ನಿಮಗೆ ಬಾರದ್ದನ್ನು ಏನು ಮಾಡಿ ಬರಿಸಿದರು ಅಂತ ಬರೆಯಿರಿ. ಅವರು ಬದುಕಿದ್ದರೆ ಹೋಗಿ ಕೇಳಿ, ಅವರ ಮಕ್ಕಳನ್ನೂ ಕೇಳಿ. ಹಳೆಯ ನೋಟುಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ, ಇಲ್ಲಿಗೆ ತನ್ನಿ. ಟೀಚರ್ ಮಗಳು ತಮ್ಮಲ್ಲಿರುವ ಪುಸ್ತಕದ ಪ್ರತಿ ತೆಗೆಸಿಕೊಟ್ಟಿದ್ದಾರೆ, ಅದನ್ನು ಇವತ್ತೇ ಸಂಘಕ್ಕೆ ಒಪ್ಪಿಸುತ್ತಿದ್ದೇನೆ. ಎರಡನೆಯ ಪುಸ್ತಕ ನಿಮ್ಮಲ್ಲಿ ಯಾರಾದರೂ ತರಬೇಕು.