ಗುರುವಾರದ ಪತ್ತೇದಾರರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸಾಫ್ಟ್‌ವೇರ್ ಬಗ್ಗೆ, ಮಕ್ಕಳ ಮುಂದಿನ ಓದಿನ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದಿದ್ದರು. ಆ ವಿಷಯದಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರು ಬೆಳಿಗ್ಗೆಯೇ ಹೇಳಿ ಮುಗಿಸಿದ್ದಾರೆ. "ಸರ್, ನಾನೊಂದು ಪತ್ತೇದಾರಿ ಕಾದಂಬರಿ ಸರಣಿಯ ಬಗ್ಗೆ ಮಾತಾಡಲೇ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಕ್ಕಳಿರ್ತಾರೆ, ನೋಡಿಕೊಂಡು ಮಾತಾಡು" ಅಂದರು. ನೋಡಿಕೊಂಡೇ ಮಾತಾಡುತ್ತೇನೆ.

ಈ ಶಾಲೆಯಲ್ಲಿದ್ದಾಗ ನಮಗೆ ಪತ್ತೇದಾರಿ ಪುಸ್ತಕ ಎಂದರೆ ಕದ್ದು ಓದುವ ಪುಸ್ತಕ. ನಮ್ಮ ಮನೆಯ ಅಟ್ಟದ ಮೇಲೆ ಅಪ್ಪನ ಕಾಲದ ಎನ್. ನರಸಿಂಹಯ್ಯನವರ ಕಾದಂಬರಿಗಳು ಒಂದಿಷ್ಟಿದ್ದವು. ರಟ್ಟು ಹೋಗಿತ್ತು, ಕೆಲವಕ್ಕೆ ಕೊನೆಯ ಪುಟಗಳೇ ಇರಲಿಲ್ಲ. ಕೊಲೆ ಮಾಡಿದವನು ಯಾರೆಂದು ಇವತ್ತಿಗೂ ನನಗೆ ತಿಳಿಯದ ಕಥೆಗಳಿವೆ. ಪತ್ತೇದಾರ ಪುರುಷೋತ್ತಮನನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದಾಗ ಒಂದು ದಿನ ಸಿಕ್ಕಿಬಿದ್ದೆ. ಮೇಷ್ಟ್ರು ಪುಸ್ತಕ ಕಿತ್ತುಕೊಂಡರು. ಮೂರು ದಿನ ಬಿಟ್ಟು, ಬೈದು ವಾಪಸ್ಸು ಕೊಟ್ಟರು. ನೋಡಿದರೆ ನಾನು ಮಡಚಿದ್ದ ಪುಟ ನೆಟ್ಟಗಾಗಿತ್ತು, ಮುಂದೆ ಇನ್ನೆರಡು ಕಡೆ ಹೊಸ ಮಡಿಕೆ ಬಿದ್ದಿತ್ತು. ನನ್ನ ಜೀವನದ ಮೊದಲ ಪತ್ತೇದಾರಿಕೆ ಅದು. ಮೇಷ್ಟ್ರು ಇಲ್ಲೇ ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಹೆಸರು ಹೇಳುವುದಿಲ್ಲ.

ಆಮೇಲೆ ಪಿಯುಸಿ, ಬಿಇ, ಕೆಲಸ. ಓದುವುದು ಬಿಟ್ಟೇಹೋಯಿತು. ಮತ್ತೆ ಶುರುವಾಗಿದ್ದು ಕೊರೊನಾ ಕಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವಾಗ. ಕಂಪನಿಯ ಗೆಳೆಯನೊಬ್ಬ ಹೇಳಿದ ಅಂತ ರಿಚರ್ಡ್ ಆಸ್ಮನ್ ಎಂಬುವರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' ತರಿಸಿದೆ. ಆಸ್ಮನ್ ಇಂಗ್ಲೆಂಡಿನ ಟಿವಿಯಲ್ಲಿ ರಸಪ್ರಶ್ನೆ ಕಾರ್ಯಕ್ರಮ ನಡೆಸುತ್ತಿದ್ದವರು. ಇದು 2020ರಲ್ಲಿ ಬಂದ ಅವರ ಮೊದಲ ಕಾದಂಬರಿ. ಈಗ ಸರಣಿಯಲ್ಲಿ ಐದು ಪುಸ್ತಕಗಳಿವೆ, ಐದನೆಯದು 2025ರಲ್ಲಿ ಬಂತು. ಅದೇ ವರ್ಷ ಸಿನಿಮಾ ಕೂಡ ಆಯಿತು. ಸಿನಿಮಾ ಪರವಾಗಿಲ್ಲ. ಪುಸ್ತಕದ ರುಚಿ ಅದಕ್ಕಿಲ್ಲ.

ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ 'ಕೋಜಿ ಮಿಸ್ಟರಿ' ಅನ್ನುತ್ತಾರೆ. ಮಳೆಗಾಲದಲ್ಲಿ ಕಂಬಳಿ ಹೊದ್ದು ಕೂತ ಹಾಗೆ ಬೆಚ್ಚಗಿರುವ ಕೊಲೆಯ ಕಥೆ! ಕೊಲೆ ಆಗುತ್ತದೆ, ಆದರೆ ರಕ್ತವನ್ನು ವರ್ಣಿಸುತ್ತಾ ಕೂರುವುದಿಲ್ಲ. ಎಲ್ಲರಿಗೂ ಎಲ್ಲರ ಗುರುತಿರುವ ಒಂದು ಸಣ್ಣ ಜಾಗ. ಪತ್ತೆ ಮಾಡುವವರು ಪೊಲೀಸರಲ್ಲ, ನಮ್ಮ ನಿಮ್ಮಂಥವರು. ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಮಿಸ್ ಮಾರ್ಪಲ್ ಎಂಬ ಅಜ್ಜಿ ಈ ದಾರಿಗೆ ಹಿರಿಯಳು. 1927ರಲ್ಲಿ ಅಚ್ಚಾದ ಅವಳ ಮೊದಲ ಕಥೆಯ ಹೆಸರು 'ದಿ ಟ್ಯೂಸ್‌ಡೇ ನೈಟ್ ಕ್ಲಬ್'. ಮೂಲೆಯಲ್ಲಿ ಹೆಣಿಗೆ ಹಾಕುತ್ತಾ ಕೂತ ಮುದುಕಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ, ಉತ್ತರ ಹೇಳುವವಳು ಅವಳೇ. ತನ್ನ ಹಳ್ಳಿಯ ಜನರ ಸಣ್ಣಪುಟ್ಟ ಕಳ್ಳಾಟಗಳನ್ನು ನೋಡಿ ನೋಡಿ ಅವಳಿಗೆ ದೊಡ್ಡ ಕಳ್ಳಾಟವೂ ಅರ್ಥವಾಗುತ್ತದೆ. ನಮ್ಮ ಅರಳಿಕಟ್ಟೆಯ ಮೇಲೆ ಕೂರುವ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಸ್ಮನ್ ಕಥೆ ನಡೆಯುವುದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕೂಪರ್ಸ್ ಚೇಸ್ ಎಂಬ ನಿವೃತ್ತರ ಬಡಾವಣೆಯಲ್ಲಿ. ಜಾಗ ಕಲ್ಪಿತ. ಲೇಖಕರ ತಾಯಿ ಅಂಥದೊಂದು ಬಡಾವಣೆಯಲ್ಲಿ ವಾಸವಾಗಿದ್ದರು, ಅಲ್ಲಿಗೆ ಹೋಗಿಬಂದು ಮಾಡುವಾಗ ಈ ಕಥೆ ಹೊಳೆಯಿತಂತೆ. ಮೊದಲು ಕ್ರೈಸ್ತ ಸನ್ಯಾಸಿನಿಯರ ಮಠವಿದ್ದ ಜಾಗ ಅದು, ಅವರ ಸಮಾಧಿಗಳು ಈಗಲೂ ಗುಡ್ಡದ ಮೇಲಿವೆ. ಜಮೀನಿನ ಮಾಲೀಕನಿಗೆ ಸಮಾಧಿಗಳನ್ನು ಎತ್ತಿಸಿ ಇನ್ನಷ್ಟು ಮನೆ ಕಟ್ಟುವ ಆಸೆ. ಗಲಾಟೆ ಶುರುವಾಗುವುದು ಅಲ್ಲಿಂದ.

ನಾಲ್ಕು ಜನ ಪ್ರತಿ ಗುರುವಾರ ಸೇರುತ್ತಾರೆ. ಎಲಿಜಬೆತ್, ಹಿಂದೆ ಬ್ರಿಟನ್ನಿನ ಗುಪ್ತಚರ ಇಲಾಖೆಯಲ್ಲಿದ್ದವಳು. ರಾನ್, ಕಾರ್ಮಿಕ ಸಂಘದ ಹಳೆಯ ಮುಖಂಡ; ಯಾರು ಏನು ಹೇಳಿದರೂ ನಂಬದವನು, ಅದಕ್ಕೇ ಪೊಲೀಸ್ ಕಡತ ಓದಲು ತಕ್ಕವನು. ಇಬ್ರಾಹಿಂ, ಮನೋವೈದ್ಯ. ಜಾಯ್ಸ್, ನರ್ಸ್ ಆಗಿದ್ದವಳು. ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದ ಪೆನ್ನಿ ಎಂಬ ಗೆಳತಿ ಮನೆಗೆ ತಂದಿಟ್ಟುಕೊಂಡಿದ್ದ, ಪತ್ತೆಯಾಗದೆ ಉಳಿದ ಕೇಸುಗಳ ಕಡತಗಳನ್ನು ಬಿಡಿಸುವುದೇ ಇವರ ಕಾಲಕ್ಷೇಪ. ಪೆನ್ನಿ ಈಗ ಎಚ್ಚರವಿಲ್ಲದೆ ಮಲಗಿದ್ದಾಳೆ. ಬಡಾವಣೆಯ ಒಂದು ಕೋಣೆಯನ್ನು ಇವರು 'ಜಪಾನಿ ಒಪೆರಾ: ಒಂದು ಚರ್ಚೆ' ಎಂಬ ಹೆಸರಿನಲ್ಲಿ ಕಾದಿರಿಸಿದ್ದಾರೆ. ಆ ಹೆಸರು ನೋಡಿದ ಮೇಲೆ ಯಾರೂ ಇಣುಕುವುದಿಲ್ಲ!

ಡೊನ್ನಾ ಎಂಬ ಯುವ ಪೊಲೀಸ್ ಪೇದೆ ಕಿಟಕಿಗೆ ಚಿಲಕ ಹಾಕಿಕೊಳ್ಳಿ, ಗುರುತಿನ ಚೀಟಿ ನೋಡದೆ ಬಾಗಿಲು ತೆಗೆಯಬೇಡಿ ಅಂತ ಈ ಹಿರಿಯರಿಗೆ ಬುದ್ಧಿ ಹೇಳಲು ಬರುತ್ತಾಳೆ. ಅವೆಲ್ಲ ನಮಗೆ ಗೊತ್ತು, ಬೇರೆ ಮಾತಾಡೋಣ ಅನ್ನುತ್ತಾರೆ ಇವರು. ಮುಂದೆ ನಿಜವಾದ ಕೊಲೆಯೇ ಆದಾಗ, ಎಲಿಜಬೆತ್ ಮತ್ತು ಜಾಯ್ಸ್ ಠಾಣೆಗೆ ಹೋಗಿ ಕೈಚೀಲ ಕಳುವಾಯಿತೆಂದು ನಾಟಕ ಹೂಡಿ ಡೊನ್ನಾಳನ್ನು ಹಿಡಿಯುತ್ತಾರೆ. ಅಳುವ ಮುದುಕಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಇಡೀ ಸರಣಿ ನಿಂತಿರುವುದೇ ಈ ಉಪಾಯದ ಮೇಲೆ. ವಯಸ್ಸಾದವರು ಎದುರಿಗಿದ್ದರೂ ಜನ ಅವರನ್ನು ನೋಡುವುದಿಲ್ಲ.

ನನಗೆ ಅಚ್ಚುಮೆಚ್ಚು ಜಾಯ್ಸ್. ಕಥೆಯ ಅರ್ಧಭಾಗ ಅವಳ ದಿನಚರಿಯಲ್ಲೇ ಸಾಗುತ್ತದೆ ಅನ್ನಿಸುವಷ್ಟು ಅವಳ ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಶವ ಸಿಕ್ಕಿದ ಸುದ್ದಿ ಬರೆಯುತ್ತಲೇ ಕೇಕಿನ ವಿಷಯಕ್ಕೆ ಹೋಗುತ್ತಾಳೆ, ಮಗಳು ಫೋನ್ ಮಾಡಲಿಲ್ಲ ಅನ್ನುತ್ತಾಳೆ, ಮತ್ತೆ ಶವಕ್ಕೆ ಬರುತ್ತಾಳೆ. ಅವಳು ಗುಂಪಿಗೆ ಸೇರಿದ್ದೂ ಹಾಗೆಯೇ. ಊಟ ಮಾಡುತ್ತಿದ್ದವಳ ಹತ್ತಿರ ಎಲಿಜಬೆತ್ ಬಂದು, ಒಬ್ಬ ಹುಡುಗಿಗೆ ಚೂರಿಯಿಂದ ಇರಿದರೆ ಜೀವ ಹೋಗಲು ಎಷ್ಟು ಹೊತ್ತು ಬೇಕು ಅಂತ ಕೇಳುತ್ತಾಳೆ. ಜಾಯ್ಸ್ ಗಾಬರಿಯಾಗದೆ ನರ್ಸಿನ ಲೆಕ್ಕದಲ್ಲಿ ಉತ್ತರಿಸುತ್ತಾಳೆ.

ನನ್ನ ಕೆಲಸದಲ್ಲೂ ಇಂಥದೊಂದು ಇದೆ. ರಾತ್ರಿ ಎರಡು ಗಂಟೆಗೆ ವ್ಯವಸ್ಥೆ ಕೆಟ್ಟು ನಿಲ್ಲುತ್ತದೆ. ಕೇಳಿದರೆ ಎಲ್ಲರೂ "ನಾನೇನೂ ಬದಲಾಯಿಸಿಲ್ಲ" ಅನ್ನುತ್ತಾರೆ. ಯಾರೋ ಒಬ್ಬರು ಬದಲಾಯಿಸಿರುತ್ತಾರೆ, ಆದರೆ ಅದು ಅವರಿಗೆ ಬದಲಾವಣೆ ಅಂತಲೇ ಅನ್ನಿಸಿರುವುದಿಲ್ಲ. ಆಗ ರಾನ್‌ನಂತೆ ಯಾರನ್ನೂ ನಂಬದೆ, ಜಾಯ್ಸ್‌ಳಂತೆ ಕೇಕಿನ ವಿಷಯವನ್ನೂ ಬಿಡದೆ ಕೇಳಬೇಕು.

ತಪ್ಪುಗಳಿಲ್ಲವೆಂದಲ್ಲ. ಎರಡನೇ ಪುಸ್ತಕದಲ್ಲಿ ವಜ್ರಗಳ ಹಿಂದೆ ಓಡುವ ಕಳ್ಳರು, ಆಮೇಲೆ ಮಾದಕವಸ್ತು ಮಾರುವವರು ಬಂದು ಸೇರಿದಾಗ ಕಥೆ ಬಡಾವಣೆಯಿಂದ ತುಂಬ ದೂರ ಹೋಗಿಬಿಡುತ್ತದೆ. ಪೊಲೀಸರು ಇವರಿಗೆ ಕೊಡುವಷ್ಟು ಸಲಿಗೆಯನ್ನು ಯಾವ ದೇಶದ ಪೊಲೀಸರೂ ಕೊಡಲಾರರು. ಅಂಥ ಬಡಾವಣೆಯಲ್ಲಿ ಇರಬೇಕಾದರೆ ಕೈಯಲ್ಲಿ ದುಡ್ಡೂ ಬೇಕು. ಅದರ ಬಗ್ಗೆ ಲೇಖಕರು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ.

ಆದರೂ ನಾನು ನಾಲ್ಕನೆಯದರವರೆಗೆ ಬಿಡದೆ ಓದಿದ್ದು ಸ್ಟೀಫನ್‌ಗಾಗಿ. ಅವನು ಎಲಿಜಬೆತ್‌ಳ ಗಂಡ, ದೊಡ್ಡ ವಿದ್ವಾಂಸ. ಅವನಿಗೆ ಮರೆವಿನ ಕಾಯಿಲೆ. ಎಂಥ ಗುಟ್ಟನ್ನೂ ಬಯಲಿಗೆಳೆಯುವ ಎಲಿಜಬೆತ್ ಇದೊಂದನ್ನು ಮಾತ್ರ ಸ್ನೇಹಿತರಿಂದ ಮುಚ್ಚಿಡುತ್ತಾಳೆ. ಗೊತ್ತಾದರೆ ಅವನನ್ನು ತನ್ನಿಂದ ದೂರ ಮಾಡಿಯಾರು ಎಂಬ ಭಯ. ಪೋಲೆಂಡಿನಿಂದ ಬಂದ ಬೊಗ್ದಾನ್ ಎಂಬ ಕಟ್ಟಡ ಕೆಲಸದ ಹುಡುಗ ಆಗಾಗ ಬಂದು ಸ್ಟೀಫನ್ ಜೊತೆ ಚದುರಂಗ ಆಡುತ್ತಾನೆ. ಬೇರೆ ಏನೇನು ಮರೆತರೂ ಸ್ಟೀಫನ್‌ಗೆ ಆ ಆಟ ಮರೆತಿರುವುದಿಲ್ಲ. ಬೊಗ್ದಾನ್ ಅವನನ್ನು ರೋಗಿಯಂತೆ ನೋಡುವುದಿಲ್ಲ, ಪರೀಕ್ಷೆ ಮಾಡುವುದಿಲ್ಲ. ಆಡುತ್ತಾನೆ, ಅಷ್ಟೇ. ಆ ನಾಲ್ಕನೇ ಪುಸ್ತಕದ ಕೊನೆಯನ್ನು ನಾನು ಹೇಳುವುದಿಲ್ಲ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಅಜ್ಜಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಶಾಲೆಯ ಬಿಡುವಿನಲ್ಲಿ ನಮ್ಮ ಜಗಲಿಯ ಮೇಲೆ ಬಂದು ನೀರು ಕುಡಿದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಯಾರ ಮಗ, ಯಾವ ಕೇರಿ, ಅಮ್ಮನ ತವರು ಯಾವುದು, ಎಲ್ಲವನ್ನೂ ನೀರು ಕೊಡುವಷ್ಟರಲ್ಲಿ ತಿಳಿದುಕೊಳ್ಳುತ್ತಿದ್ದಳು. ಈಗ ನನ್ನನ್ನೇ, "ನೀನು ಯಾರ ಮಗನಪ್ಪ?" ಅನ್ನುತ್ತಾಳೆ. ನಾನು ಊರಿಗೆ ಬಂದಾಗಲೆಲ್ಲ, "ಅಜ್ಜಿ, ನಾನು ಯಾರು ಹೇಳು? ಇವತ್ತು ಯಾವ ವಾರ?" ಅಂತ ಪ್ರಶ್ನೆ ಹಾಕುತ್ತಿದ್ದೆ. ನೆನಪು ಬರಲಿ ಎಂಬ ಆಸೆಯಿಂದಲೇ ಕೇಳುತ್ತಿದ್ದದ್ದು. ಅವಳು ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಾ ಕೂರುತ್ತಿದ್ದಳು, ಪಾಠ ಬಾರದ ಮಗು ಮೇಷ್ಟ್ರ ಎದುರು ನಿಂತ ಹಾಗೆ. ಎಷ್ಟು ಸಲ ಹಾಗೆ ಮಾಡಿದೆನೋ!

ಪುಸ್ತಕ ಮುಗಿಸಿದ ಮೇಲೆ ಬಂದಾಗ ಏನನ್ನೂ ಕೇಳಲಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ತಂದಿಟ್ಟೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕವಡೆ ಎತ್ತಿ ಕೈಯೊಳಗೆ ಕುಲುಕಿ ಬಿಟ್ಟಳು. ನಾಲ್ಕೂ ಬೋರಲು ಬಿದ್ದವು. "ಬಾರ!" ಅಂದಳು. ಎಂಟು ಮನೆ ಎಣಿಸಿ ನನ್ನ ಕಾಯಿ ಕಡಿದಳು. ಆಟ ಮುಗಿಯುವ ಹೊತ್ತಿಗೆ, "ನೀನು ಯಾರ ಮಗನೋ ಗೊತ್ತಿಲ್ಲ, ಆಟ ಮಾತ್ರ ಸರಿಯಾಗಿ ಕಲಿತಿಲ್ಲ" ಅಂದಳು. ಅಡುಗೆಮನೆಯಿಂದ ಅಮ್ಮ ನಕ್ಕಿದ್ದು ಕೇಳಿಸಿತು. ಆ ಮನೆಯಲ್ಲಿ ತುಂಬ ದಿನಗಳಾಗಿದ್ದವು ಅಂಥ ನಗು ಕೇಳಿ.

ಮೊದಲ ನಾಲ್ಕು ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ. ಇಂಗ್ಲಿಷ್ ಅಷ್ಟೇನೂ ಕಷ್ಟವಿಲ್ಲ, ಹತ್ತನೇ ತರಗತಿಯವರು ನಿಘಂಟು ಪಕ್ಕದಲ್ಲಿಟ್ಟುಕೊಂಡರೆ ಸಾಕು. ಜೊತೆಗೆ ಅಟ್ಟದ ಮೇಲಿನ ನರಸಿಂಹಯ್ಯನವರ ಕಾದಂಬರಿಗಳೂ ಇವೆ, ಹೊಸ ರಟ್ಟು ಹಾಕಿಸಿದ್ದೇನೆ. ಕೊನೆಯ ಪುಟ ಇಲ್ಲದವುಗಳ ಮೇಲೆ ಗುರುತು ಮಾಡಿದ್ದೇನೆ. ಯಾರ ಮನೆಯಲ್ಲಾದರೂ ಪೂರ್ತಿ ಪ್ರತಿ ಇದ್ದರೆ ದಯವಿಟ್ಟು ಹೇಳಿ. ಐದನೆಯ ಪುಸ್ತಕ ಇನ್ನೂ ಅರ್ಧ ಓದಿದ್ದೇನೆ, ಮುಂದಿನ ಸಲ ತರುತ್ತೇನೆ.